ಎದುರು ಪುಟದಲ್ಲಿದ್ದವರು

ಪುಸ್ತಕ ಮುಟ್ಟುವ ಮೊದಲು ಅವರು ಹಿತ್ತಲ ನಲ್ಲಿಯಲ್ಲಿ ಮೊಣಕೈವರೆಗೆ ಕೈ ತೊಳೆದು, ಎರಡೂ ಅಂಗೈಗಳನ್ನು ಬಿಸಿಲಿಗೆ ಹಿಡಿದು ನಿಲ್ಲುತ್ತಿದ್ದರು. ಟವೆಲಿನಿಂದ ಒರೆಸಿಕೊಳ್ಳುತ್ತಿರಲಿಲ್ಲ, ಅದರ ನೂಲು ಪುಟಕ್ಕೆ ಅಂಟುತ್ತದಂತೆ. ಮೋಡ ಕವಿದ ದಿನ ಕೈ ಆರಲು ಬಹಳ ಹೊತ್ತು ಹಿಡಿಯುತ್ತಿತ್ತು. ಬಂದವರ ಜೊತೆ ಕೈ ಚಾಚಿಕೊಂಡೇ ಮಾತಾಡುತ್ತಿದ್ದರು. ಈ ವರ್ಷದ ಆಡಿ ತಿಂಗಳಲ್ಲಿ, ಅಂದರೆ ಆಷಾಢದಲ್ಲಿ, ಅವರು ತೀರಿಕೊಂಡರು. ನಮ್ಮ ಮನೆಯಿಂದ ಅವರ ಊರು ಸೂಲೂರಿಗೆ ಮುಕ್ಕಾಲು ಗಂಟೆಯ ದಾರಿ. ಆದರೂ ನಾನು ಸಾವಿಗೆ ಹೋಗಲಿಲ್ಲ. ಯಾಕೆ ಹೋಗಲಿಲ್ಲ ಎನ್ನುವುದನ್ನು ಹೇಳಿಬಿಡಬೇಕೆಂದೇ ಇದನ್ನು ಬರೆಯುತ್ತಿದ್ದೇನೆ.

ನಾನು ಅವರನ್ನು ಮಾಮ ಎನ್ನುತ್ತಿದ್ದೆ. ರಕ್ತಸಂಬಂಧವೇನೂ ಇಲ್ಲ. ಸೂಲೂರಿನ ಕಡೆ ನನ್ನ ಅಮ್ಮನ ತವರಿನ ತೋಟಕ್ಕೂ ಅವರ ತೋಟಕ್ಕೂ ನಡುವೆ ಒಂದೇ ಬೇಲಿ. ಎರಡೂ ಮನೆಗಳಲ್ಲಿ ಆಡುವುದು ಕನ್ನಡ; ಬಾಗಿಲು ದಾಟಿದರೆ ತಮಿಳು. ತಲೆಮಾರುಗಳಿಂದ ಹೀಗೇ. ನಮ್ಮವರಲ್ಲಿ ಹೆಚ್ಚಿನವರಿಗೆ ಕನ್ನಡದ ಅಕ್ಷರ ಗೊತ್ತಿಲ್ಲ. ನಾನು ಕಲಿತದ್ದು ಮೈಸೂರಿನಲ್ಲಿ ಡಾಕ್ಟರಿಕೆ ಓದುವಾಗ, ಬಸ್ಸಿನ ಬೋರ್ಡು ನೋಡಿ ನೋಡಿ. ಮಾಮ ಕೊನೆಯವರೆಗೂ ಕಲಿಯಲಿಲ್ಲ. ಆದರೆ ಇನ್ನೂರು ವರ್ಷ ಹಳೆಯ ಫ್ರೆಂಚ್ ಪುಸ್ತಕವನ್ನು ಡಿಕ್ಷನರಿ ಇಲ್ಲದೆ ಓದುತ್ತಿದ್ದರು.

ಅವರು ಸೂಲೂರಿನ ಹತ್ತಿರದ ಒಂದು ನೂಲಿನ ಗಿರಣಿಯ ದವಾಖಾನೆಯಲ್ಲಿ ಕಾಂಪೌಂಡರ್ ಆಗಿದ್ದರು. ಅದಕ್ಕೂ ಮೊದಲು, ಮದುವೆಗೆ ಮುಂಚೆ, ಪುದುಚೇರಿಯ ಒಂದು ಆಸ್ಪತ್ರೆಯ ಔಷಧಿ ಕೋಣೆಯಲ್ಲಿ ಆರು ವರ್ಷ ಇದ್ದರು. ಅಲ್ಲಿ ಜಾಡಿಗಳ ಮೇಲಿನ ಚೀಟಿಗಳೆಲ್ಲ ಫ್ರೆಂಚಿನಲ್ಲಿದ್ದವಂತೆ. ಓದಲು ಬಾರದೆ ಒಮ್ಮೆ ಒಂದರ ಬದಲು ಇನ್ನೊಂದು ಪುಡಿ ಕಟ್ಟಿಬಿಟ್ಟರು. ಯಾರ ಪ್ರಾಣಕ್ಕೂ ಏನೂ ಆಗಲಿಲ್ಲ. ಆದರೆ ಆ ಹೆದರಿಕೆಯಲ್ಲಿ ಅಲ್ಲಿಯ ನಿವೃತ್ತ ಡಾಕ್ಟರೊಬ್ಬರ ಮನೆಗೆ ದಿನಾ ಸಂಜೆ ಹೋಗಿ ಭಾಷೆ ಕಲಿತರು. ಆ ಮುದುಕ ಡಾಕ್ಟರು ಸಾಯುವಾಗ ಇವರಿಗೆ ಮೂರು ಪುಸ್ತಕ ಕೊಟ್ಟರು. ಸಂಗ್ರಹ ಶುರುವಾದದ್ದು ಆ ಮೂರರಿಂದ. ಆಮೇಲೆ ವರ್ಷಕ್ಕೆ ಎರಡು ಸಲ ಪುದುಚೇರಿಗೆ ಹೋಗಿ, ಹಳೆ ಪೇಪರಿನ ಅಂಗಡಿಗಳಲ್ಲಿ, ಮನೆ ಖಾಲಿ ಮಾಡುವವರ ಅಟ್ಟಗಳಲ್ಲಿ ಹುಡುಕಿ ತರುತ್ತಿದ್ದರು. ಎಲ್ಲವೂ ಹತ್ತೊಂಬತ್ತನೆಯ ಶತಮಾನದವು. ಎದೆರೋಗ, ಜ್ವರ, ಕಣ್ಣು, ಔಷಧಿ ಗಿಡ, ರಸಾಯನಶಾಸ್ತ್ರ. ಹುಳ ತಿಂದವು, ನೀರು ಕುಡಿದವು, ರಟ್ಟು ಕಿತ್ತವು. ಸೋಮನೂರಿನ ಮಗ್ಗದಿಂದ ಬಿಳುಪು ಮಾಡದ ಬಟ್ಟೆ ತಂದು, ಗಂಜಿ ಹೋಗುವವರೆಗೆ ಒಗೆದು, ಒಂದೊಂದು ಪುಸ್ತಕಕ್ಕೂ ಅಳತೆಗೆ ಸುತ್ತುತ್ತಿದ್ದರು. ಗಂಜಿ ಉಳಿದರೆ ಹುಳ ಬರುತ್ತದೆ. ಹತ್ತಿರದ ಏರ್‌ಫೋರ್ಸ್ ನೆಲೆಯ ವಿಮಾನ ತಲೆಯ ಮೇಲೆ ಹಾದಾಗ ಪುಸ್ತಕದ ಬೀರು ಗಡಗಡ ಎನ್ನುತ್ತಿತ್ತು. ಸದ್ದು ಹೋಗುವವರೆಗೆ ಮಾಮ ಮೇಲಿನ ಸಾಲಿನ ಪುಸ್ತಕಗಳನ್ನು ಅಂಗೈಯಿಂದ ಒತ್ತಿ ಹಿಡಿದಿರುತ್ತಿದ್ದರು.

ಒಂದು ಸಲ ಗಿರಣಿಯಲ್ಲಿ ಹೊಸ ಯಂತ್ರ ಕೂರಿಸಲು ಫ್ರಾನ್ಸಿನಿಂದ ಎಂಜಿನಿಯರ್ ಒಬ್ಬ ಬಂದ. ಬಿಸಿಲು ಹೊಡೆದು ತಲೆಸುತ್ತಿ ದವಾಖಾನೆಗೆ ಕರೆತಂದರು. ಮಾಮ ಫ್ರೆಂಚಿನಲ್ಲಿ ಮಾತಾಡಿಸಿದರು. ಅವನು ಮಂಚದ ಮೇಲೆ ಎದ್ದು ಕೂತು ನಗತೊಡಗಿದನಂತೆ.

"ಯಾಕೆ ನಗ್ತೀರಿ ಅಂತ ಕೇಳಿದೆ ಕಣ್ಣು," ಎಂದು ಮಾಮ ನನಗೆ ಹೇಳಿದ್ದರು. "ನಿಮ್ಮ ಪಿತ್ತ ಹೇಗಿದೆ, ಜಿಗಣೆ ಹಚ್ಚಲೇ ಅಂತ ಕೇಳಿದ್ದೀನಿ ನಾನು. ನಮ್ಮ ಮುತ್ತಜ್ಜನ ಡಾಕ್ಟರು ಹೀಗೇ ಮಾತಾಡ್ತಿದ್ದಿರಬೇಕು ಅಂದ ಅವನು. ನನಗೆ ಜಿಗಣೆಗೆ, ಕೀವಿಗೆ, ನಾಡಿಗೆ ಎಲ್ಲಕ್ಕೂ ಮಾತು ಗೊತ್ತು. ಸೋಡಾ ಬೇಕಾ ಅಂತ ಕೇಳೋಕೆ ಬರಲಿಲ್ಲ."

ನಮ್ಮ ಕೊಂಗುನಾಡಿನ ಕಡೆ ಕಿರಿಯರನ್ನು ಮುದ್ದಿನಿಂದ ಕಣ್ಣು ಎಂದು ಕರೆಯುತ್ತಾರೆ. ಮಾಮ ನನ್ನನ್ನು ಹಾಗೆ ಕರೆಯುತ್ತಿದ್ದದ್ದು ನಾನು ಕಣ್ಣಿನ ಡಾಕ್ಟರಾಗುವುದಕ್ಕೆ ಎಷ್ಟೋ ಮೊದಲಿನಿಂದ.

ಅವರಿಗೆ ಪುಸ್ತಕ ಬರೆದ ಡಾಕ್ಟರುಗಳ ಮೇಲೆ ಅಂಥ ಆಸಕ್ತಿ ಇರಲಿಲ್ಲ. ಇದು ನನಗೆ ತಡವಾಗಿ ತಿಳಿಯಿತು. ಹಳೆ ಕಾಲದ ವೈದ್ಯರು ಪ್ರತಿ ಕಾಯಿಲೆಯ ಕೆಳಗೆ ತಾವು ನೋಡಿದ ರೋಗಿಗಳ ಸಂಗತಿ ಬರೆಯುತ್ತಿದ್ದರು. ಬಟ್ಟೆ ಒಗೆಯುವವಳು, ಮೂವತ್ತನಾಲ್ಕು ವರ್ಷ, ಇಂಥ ವಾರ್ಡು, ಇಂಥ ಹಾಸಿಗೆ, ಇಂಥ ದಿನ ಬಂದಳು, ಇಂಥ ದಿನ ಸತ್ತಳು. ಮಾಮ ಓದುತ್ತಿದ್ದದ್ದು ಅದನ್ನೇ. ಗಿರಣಿಯ ಹಳೆ ರಿಜಿಸ್ಟರಿನಲ್ಲಿ ಅವರನ್ನೆಲ್ಲ ಕ್ರಮವಾಗಿ ತಮಿಳಿನಲ್ಲಿ ಬರೆದಿಡುತ್ತಿದ್ದರು: ಕೆಲಸ, ವಯಸ್ಸು, ಕಾಯಿಲೆ, ಏನಾಯಿತು.

"ಯಾಕೆ ಮಾಮ ಇದು?" ಎಂದು ಕೇಳಿದ್ದೆ.

"ಡಾಕ್ಟರ ಹೆಸರು ರಟ್ಟಿನ ಮೇಲೇ ಇದೆ, ಬಂಗಾರದ ಅಕ್ಷರದಲ್ಲಿ. ಇವಳನ್ನು ಯಾರು ಕೇಳ್ತಾರೆ? ಇವಳು ಹತ್ತಿ ಗಿರಣಿಯವಳು ನೋಡು. ರಜೆ ಮುಗಿದು ಸೋಮವಾರ ಕೆಲಸಕ್ಕೆ ಬಂದರೆ ಎದೆ ಹಿಡಿಯುತ್ತೆ ಅಂತ ಹೇಳಿದ್ದಾಳೆ. ನಮ್ಮ ಬ್ಲೋ ರೂಮಿನಲ್ಲಿ ಹತ್ತಿ ಬಿಡಿಸುವ ಹೆಂಗಸರೂ ನನ್ನ ಹತ್ತಿರ ಬಂದು ಅದನ್ನೇ ಹೇಳಿದರು. ಬೀಡಿ ಸೇದಿದ್ದೀಯಾ ಅಂತ ಕೇಳಿದೆ ನಾನು, ಬುದ್ಧಿಯಿಲ್ಲದೆ. ಪುಸ್ತಕ ಓದಿದ ಮೇಲೆ ಮ್ಯಾನೇಜರ ಹತ್ತಿರ ಹೋಗಿ ಆ ಹತ್ತಿ ಧೂಳಿನ ವಿಷಯ ಜಗಳ ಮಾಡಿದೆ."

ಆ ಜಗಳದಿಂದ ಹೆಂಗಸರಿಗೆ ಮೂಗಿಗೆ ಕಟ್ಟಿಕೊಳ್ಳುವ ಬಟ್ಟೆ ಸಿಕ್ಕಿತು. ಮಾಮನಿಗೆ ಎರಡು ವರ್ಷ ಪ್ರಮೋಷನ್ ನಿಂತಿತು. ಇದನ್ನು ಹೇಳಿದ್ದು ನನ್ನ ಅಮ್ಮ, ಅವರಲ್ಲ.

ಅವರ ಬಳಿ ಇದ್ದವುಗಳಲ್ಲೆಲ್ಲ ದೊಡ್ಡದು ಕಣ್ಣಿನ ರೋಗಗಳ ಒಂದು ಚಿತ್ರಪುಸ್ತಕ. ಬಲಪುಟದಲ್ಲಿ ಕೈಯಿಂದ ಬಣ್ಣ ತುಂಬಿದ ಚಿತ್ರ, ಅದರ ಮೇಲೆ ತೆಳುಕಾಗದದ ಹೊದಿಕೆ, ಎಡಪುಟದಲ್ಲಿ ಆ ಕಣ್ಣಿನ ಒಡೆಯರ ಸಂಗತಿ. ನಾನು ಕಾನ್ಫರೆನ್ಸ್ ಒಂದರಲ್ಲಿ ಕಣ್ಣಿನ ಶಸ್ತ್ರಚಿಕಿತ್ಸೆಯ ಚರಿತ್ರೆಯ ಬಗ್ಗೆ ಮಾತಾಡಬೇಕಿತ್ತು. ಚಿತ್ರಗಳ ಫೋಟೋ ತೆಗೆದುಕೊಳ್ಳುತ್ತೇನೆ, ಕೊಡಿ ಎಂದೆ. ಅವರು ಯಾರಿಗೂ ಪುಸ್ತಕ ಕೊಟ್ಟವರಲ್ಲ. ಹಿತ್ತಲಲ್ಲಿ ಕೈ ಒಣಗಿಸಿಕೊಂಡು ಬಂದು, ಬಟ್ಟೆ ಸುತ್ತಿ, ನನ್ನ ಕಾರಿನ ಹಿಂದಿನ ಸೀಟಿನಲ್ಲಿ ತಾವೇ ಇಟ್ಟು, ಅಲುಗಾಡದಂತೆ ಎರಡೂ ಬದಿ ದಿಂಬು ಕೊಟ್ಟರು.

"ನಿಧಾನ ಹೋಗು ಕಣ್ಣು. ಅದರಲ್ಲಿ ನಲವತ್ತು ಜನ ಇದ್ದಾರೆ," ಎಂದರು.

ನನ್ನ ಭಾಷಣ ಮುಗಿಯಿತು. ಚಪ್ಪಾಳೆ ಬಿತ್ತು. ಪುಸ್ತಕ ನನ್ನ ಕ್ಲಿನಿಕ್ಕಿನ ಕಪಾಟಿನಲ್ಲೇ ಉಳಿಯಿತು. ಮುಂದಿನ ವಾರ, ಮುಂದಿನ ತಿಂಗಳು ಎನ್ನುತ್ತ ಒಂದು ವರ್ಷ ದಾಟಿತು. ಈ ನಡುವೆ ಮಾಮನಿಗೆ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಆಪರೇಷನ್ ಮಾಡಿಸಿಕೊಳ್ಳಿ ಎಂದು ನಾನೂ ಅವರ ಮಗಳೂ ಎಷ್ಟು ಹೇಳಿದರೂ ಒಪ್ಪಲಿಲ್ಲ.

"ನಿನಗೇನು ಗೊತ್ತು, ನೀನು ಹೊಸ ಪುಸ್ತಕ ಓದಿದವಳು," ಎನ್ನುತ್ತಿದ್ದರು. "ಈ ಬೀರುವಿನಲ್ಲಿ ಎಷ್ಟು ಜನಕ್ಕೆ ಕಣ್ಣಿಗೆ ಸೂಜಿ ಹಾಕಿದ್ದಾರೆ, ಎಷ್ಟು ಜನಕ್ಕೆ ಕೀವಾಗಿ ಕಣ್ಣೇ ಹೋಯಿತು, ನನ್ನ ಹತ್ತಿರ ಪಟ್ಟಿ ಇದೆ."

ಅವರ ಹೆದರಿಕೆ ನಮಗೆ ನಗೆಯಾಗಿತ್ತು. ನೋಡನೋಡುತ್ತ ಓದುವುದು ನಿಂತಿತು. ಆಮೇಲೆ ಮುಖಗಳೂ ಮಸುಕಾದವು. ದನಿ ಕೇಳಿಯೇ ಜನರನ್ನು ಗುರುತಿಸುತ್ತಿದ್ದರು.

ಅದೇ ಸಮಯಕ್ಕೆ ನಾನು ನಗರದ ಆರ್.ಎಸ್. ಪುರಂ ಬಡಾವಣೆಯಲ್ಲಿ ಹೊಸ ಕ್ಲಿನಿಕ್ ಮಾಡಿದೆ. ರೋಗಿಗಳು ಕಾಯುವ ಹಾಲಿನ ಒಂದು ಗೋಡೆ ಬೋಳಾಗಿತ್ತು. ಅಲಂಕಾರ ಮಾಡಲು ಬಂದಾಕೆ, "ಇಲ್ಲಿ ಏನಾದರೂ ಹಳೆಯದು ಇದ್ದರೆ ಚೆಂದ ಮೇಡಂ, ಪ್ರಿಂಟ್ ಬೇಡ, ನಿಜವಾದದ್ದು," ಎಂದಳು. ಫೋಟೋ ತೆಗೆದು ದೊಡ್ಡದು ಮಾಡಿಸಿ ಹಾಕಬಹುದಿತ್ತು. ನನ್ನ ಬಳಿ ಫೋಟೋಗಳೂ ಇದ್ದವು. ನನಗೂ ನಿಜವಾದದ್ದೇ ಬೇಕೆನಿಸಿತು.

ಒಂದು ಭಾನುವಾರ ಮಧ್ಯಾಹ್ನ ಯಾರೂ ಇಲ್ಲದಾಗ ಕ್ಲಿನಿಕ್ಕಿಗೆ ಹೋಗಿ, ಆಪರೇಷನ್ನಿನ ಬ್ಲೇಡು ತೆಗೆದುಕೊಂಡು, ಸ್ಟೀಲ್ ಸ್ಕೇಲ್ ಇಟ್ಟು, ನಾಲ್ಕು ಚಿತ್ರಗಳನ್ನು ಪುಸ್ತಕದಿಂದ ಕತ್ತರಿಸಿದೆ. ಗೆರೆ ಎಷ್ಟು ನೇರ ಬಂತೆಂದು ಮೆಚ್ಚಿಕೊಂಡದ್ದು ಸಹ ನೆನಪಿದೆ. ಅದಕ್ಕಿಂತ ಚೆನ್ನಾಗಿ ನೆನಪಿರುವುದು ಆಗ ನಾನು ಮನಸ್ಸಿನಲ್ಲಿ ಅಂದುಕೊಂಡದ್ದು: ಮಾಮನಿಗೆ ಈಗ ಹೇಗೂ ಕಾಣುವುದಿಲ್ಲ. ಕಣ್ಣಿನ ಡಾಕ್ಟರು ನಾನು. ಅವರಿಗೆ ಮತ್ತೆ ಕಾಣುವಂತೆ ಮಾಡಲು ನನಗೆ ಅರ್ಧ ಗಂಟೆ ಸಾಕು ಎಂದು ಗೊತ್ತಿದ್ದವಳು.

ಕಪ್ಪು ಚೌಕಟ್ಟಿನಲ್ಲಿ ಆ ನಾಲ್ಕು ಕಣ್ಣುಗಳು ಗೋಡೆಗೆ ಬಂದವು. ನೋಡಿದವರೆಲ್ಲ ಹೊಗಳಿದರು. ಎಲ್ಲಿ ಸಿಕ್ಕಿತು ಎಂದು ಮೊದಲು ಕೇಳಿದವರಿಗೆ, ಪ್ಯಾರಿಸಿನಿಂದ ತಂದೆ ಎಂದೆ. ಹಿಂದಿನ ವರ್ಷ ನಾನು ಅಲ್ಲಿಗೆ ಹೋಗಿದ್ದು ನಿಜ. ಎರಡನೆಯವರಿಗೂ ಅದನ್ನೇ ಹೇಳಿದೆ. ಆಮೇಲೆ ನಾನು ಹೇಳಬೇಕಾಗಿಯೂ ಇರಲಿಲ್ಲ. ರಿಸೆಪ್ಷನ್ನಿನ ಹುಡುಗಿಯೇ ಹೇಳುತ್ತಿದ್ದಳು. ದಿನಾ ನೋಡುತ್ತ ನೋಡುತ್ತ ಅವು ನನ್ನವೇ ಎನಿಸಿದವು.

ಕೊನೆಗೆ ಮಾಮ ಒಪ್ಪಿದ್ದು ಹಿತ್ತಲಲ್ಲಿ ಎಡವಿ ಬಿದ್ದ ಮೇಲೆ. ತಿರುಪ್ಪೂರಿನಿಂದ ಮಗಳು ಬಂದು ಕರೆತಂದಳು. "ಮಾಡೋದಾದರೆ ನೀನೇ ಮಾಡು ಕಣ್ಣು," ಎಂದರು. ಬಲಗಣ್ಣಿಗೆ ಮಾಡಿದೆ. ಪೊರೆ ಗಟ್ಟಿಯಾಗಿ ಕಂದುಬಣ್ಣಕ್ಕೆ ತಿರುಗಿತ್ತು; ಸುಲಭದ ಕೆಲಸವಾಗಿರಲಿಲ್ಲ. ಅಷ್ಟು ಎಚ್ಚರದಿಂದ ನಾನು ಬೇರೆ ಯಾರಿಗೂ ಆಪರೇಷನ್ ಮಾಡಿಲ್ಲ.

ಮರುದಿನ ಬೆಳಿಗ್ಗೆ ಕಟ್ಟು ಬಿಚ್ಚಿದೆ. ಅವರು ಸ್ವಲ್ಪ ಹೊತ್ತು ಕಣ್ಣು ಪಿಳುಕಿಸಿದರು. ನನ್ನ ಮುಖ ನೋಡಿ, "ತಲೆ ನರೆತಿದೆಯಲ್ಲ, ಯಾವಾಗ?" ಎಂದರು. ಗೋಡೆಯ ಕ್ಯಾಲೆಂಡರಿನ ಸಣ್ಣ ಅಕ್ಷರ ಓದಿದರು. ತಮ್ಮ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು. ಕಣ್ಣಲ್ಲಿ ನೀರು ಬಂದರೆ ಒರೆಸಬಾರದು ಎಂದು ನಾನು ಗದರಿದೆ. ಇಬ್ಬರೂ ನಕ್ಕೆವು. ಔಷಧಿ ಬರೆದುಕೊಡುತ್ತೇನೆ, ಹೊರಗೆ ಕೂತಿರಿ ಮಾಮ ಎಂದು ನಾನೇ ಹೇಳಿದೆ. ಅವರು ಯಾರ ಕೈಯನ್ನೂ ಹಿಡಿಯದೆ ಹಾಲಿಗೆ ನಡೆದುಹೋದರು. ಬಾಗಿಲು ಮುಚ್ಚಿಕೊಂಡ ಮೇಲೆ ನನಗೆ ನೆನಪಾಯಿತು.

ಓಡಿ ಹೋಗಿ ನೋಡಿದರೆ ಅವರು ಎರಡನೆಯ ಚೌಕಟ್ಟಿನ ಮುಂದೆ, ಮೂಗು ಗಾಜಿಗೆ ತಾಗುವಷ್ಟು ಹತ್ತಿರ ನಿಂತಿದ್ದರು. ಮಗಳು ಔಷಧಿ ಅಂಗಡಿಗೆ ಹೋಗಿದ್ದಳು. ರಿಸೆಪ್ಷನ್ನಿನ ಹುಡುಗಿ ಮುದುಕರಿಗೆ ವಿವರಿಸುತ್ತಿದ್ದಳು: "ಮೇಡಂ ಪಾರಿಸ್‌ಲಿರುಂದು ಕೊಂಡು ವಂದದುಂಗ ಐಯಾ." ಮೇಡಂ ಪ್ಯಾರಿಸಿನಿಂದ ತಂದದ್ದು ಎಂದು.

"ಅಪ್ಪಡಿಯಾ?" ಎಂದರು ಮಾಮ. ಹೌದೇ ಎಂದಷ್ಟೇ.

ಆಮೇಲೆ ನಾನು ಹಿಂದೆ ನಿಂತಿರುವುದನ್ನು ನೋಡಿದರು. ಹುಡುಗಿಗೆ ತಿಳಿಯಬಾರದೆಂದೋ ಏನೋ, ಕನ್ನಡದಲ್ಲಿ ಹೇಳಿದರು. "ಇವಳು ಲೇಸ್ ಹೆಣೆಯುವವಳು. ಇಪ್ಪತ್ತಾರು ವರ್ಷ. ಇವಳ ಸಂಗತಿಯೆಲ್ಲ ಎದುರು ಪುಟದಲ್ಲಿತ್ತು. ಇಲ್ಲಿ ಬರೀ ಕಣ್ಣು ಇದೆ."

ನಾನು ಬಾಯಿ ತೆರೆದಿದ್ದರೆ ಇನ್ನೊಂದು ಸುಳ್ಳು ಬರುತ್ತಿತ್ತು.

"ಮಿಕ್ಕಿದ್ದು ಇದೆಯಾ?" ಎಂದು ಕೇಳಿದರು.

ಕಪಾಟಿನಿಂದ ಪುಸ್ತಕ ತಂದು ಕೊಟ್ಟೆ. ಬಟ್ಟೆ ಎಲ್ಲೋ ಕಳೆದುಹೋಗಿತ್ತು. ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕೊಟ್ಟೆ. ಅವರು ನನ್ನ ಎದುರು ಅದನ್ನು ತೆರೆಯಲಿಲ್ಲ. ಚಿತ್ರ ಹೋದ ಕಡೆಗಳಲ್ಲಿ ತೆಳುಕಾಗದದ ಹೊದಿಕೆ ಹಾಗೇ ಇತ್ತು. ಇಷ್ಟು ಕಾಲ ಒತ್ತಿ ಒತ್ತಿ ಅದರ ಮೇಲೆ ಕಣ್ಣಿನ ನೆರಳು ತಿಳಿಯಾಗಿ ಮೂಡಿತ್ತು. ಅದನ್ನು ನಾನು ಕತ್ತರಿಸಿದ ದಿನವೇ ನೋಡಿದ್ದೆ. ಅವರು ಮನೆಗೆ ಹೋಗಿ ನೋಡಿರುತ್ತಾರೆ.

ಹೊರಡುವಾಗ, "ಕಣ್ಣು ಬಹಳ ಚೆನ್ನಾಗಿ ಮಾಡಿದ್ದೀರಿ ಡಾಕ್ಟರ್," ಎಂದರು. ಆ ದಿನದಿಂದ ನನ್ನನ್ನು ಬಹುವಚನದಲ್ಲೇ ಕರೆದರು. ಎಡಗಣ್ಣಿಗೆ ಬೇರೊಂದು ಆಸ್ಪತ್ರೆಯಲ್ಲಿ ಮಾಡಿಸಿಕೊಂಡರು.

ಆಮೇಲೆ ಮೂರು ವರ್ಷ ಇದ್ದರು. ಕ್ಷಮೆ ಕೇಳಲು ಮೂರು ವರ್ಷ ಸಾಲದೇ? ಎರಡು ಸಲ ಸೂಲೂರಿನವರೆಗೆ ಹೋದೆ. ಒಂದು ಸಲ ಬಸ್‌ಸ್ಟ್ಯಾಂಡಿನಿಂದ ಹಿಂತಿರುಗಿದೆ. ಇನ್ನೊಂದು ಸಲ ಮನೆಯೊಳಗೆ ಹೋಗಿ, ಕಾಫಿ ಕುಡಿದು, ಅಮ್ಮನ ಮಂಡಿನೋವಿನ ಬಗ್ಗೆ ಮಾತಾಡಿ ಬಂದೆ. ಅವರು ಮರದಿಂದ ನುಗ್ಗೆಕಾಯಿ ಕೀಳಿಸಿ ಕೊಟ್ಟರು. ಚೌಕಟ್ಟುಗಳು ಮಾತ್ರ ಗೋಡೆಯಲ್ಲೇ ಇದ್ದವು. ತೆಗೆದರೆ ಯಾಕೆ ತೆಗೆದಿರಿ ಎಂದು ಎಲ್ಲರೂ ಕೇಳುತ್ತಾರೆ ಎನ್ನುವುದು ನಾನು ನನಗೆ ಕೊಟ್ಟುಕೊಂಡ ಕಾರಣ.

ಸಾವಿನ ಸುದ್ದಿ ಅಮ್ಮ ಹೇಳಿದಳು. ಆಪರೇಷನ್ ಇದೆ ಎಂದೆ. ಇರಲಿಲ್ಲ.

ಹದಿನೈದು ದಿನದ ಮೇಲೆ ಅವರ ಮಗಳು ಫೋನ್ ಮಾಡಿದಳು. ಪುಸ್ತಕಗಳನ್ನೆಲ್ಲ ಪುದುಚೇರಿಯ ಒಂದು ಲೈಬ್ರರಿಗೆ ಕೊಡಬೇಕೆಂದು ಅಪ್ಪ ಬರೆದಿಟ್ಟಿದ್ದರು, ಪಟ್ಟಿ ಸಹ ಮಾಡಿದ್ದರು ಎಂದಳು. ಆಮೇಲೆ ತಡೆದು ತಡೆದು ಕೇಳಿದಳು.

"ಅಕ್ಕಾ, ಆ ಕಣ್ಣಿನ ಪುಸ್ತಕದ ಎದುರಿಗೆ ಅಪ್ಪ ಒಂದು ಸಾಲು ಬರೆದಿದ್ದಾರೆ. ನಾಲ್ಕು ಚಿತ್ರ ನಾನೇ ಕತ್ತರಿಸಿ, ನನಗೆ ಕಣ್ಣು ಕೊಟ್ಟ ಡಾಕ್ಟರಿಗೆ ಕೊಟ್ಟಿದ್ದೇನೆ ಅಂತ. ನಿಜವಾ? ಒದ್ದೆ ಕೈಯಲ್ಲಿ ಮುಟ್ಟಿದ್ದಕ್ಕೆ ನನಗೆ ಹೊಡೆದವರು ಅಪ್ಪ. ಅವರು ಬ್ಲೇಡ್ ಹಾಕ್ತಾರಾ? ಕೊನೇಲಿ ಬುದ್ಧಿ ಏನಾದರೂ..."

ಅವಳು ಪೂರ್ತಿ ಮಾಡಲಿಲ್ಲ. ನಾನು ಪೂರ್ತಿ ಮಾಡಿದೆ. "ಆ ವಯಸ್ಸಿಗೆ ಸ್ವಲ್ಪ ಮರೆವು, ಗೊಂದಲ ಇರುತ್ತೆ. ಅದನ್ನು ದೊಡ್ಡದು ಮಾಡಬೇಡ," ಎಂದೆ. ಡಾಕ್ಟರ ದನಿಯಲ್ಲೇ ಹೇಳಿದೆ. ಅವಳು ನಂಬಿದಳು.

ಪುಟ ಕತ್ತರಿಸಿದ್ದಕ್ಕಿಂತ, ಪ್ಯಾರಿಸ್ ಎಂದದ್ದಕ್ಕಿಂತ, ಇದು ಕೆಟ್ಟದ್ದು. ಕೊನೆಯ ದಿನದವರೆಗೂ ನೆಟ್ಟಗಿದ್ದ ಬುದ್ಧಿ ಅವರದು. ನನ್ನ ತಪ್ಪನ್ನು ತಮ್ಮ ಮೇಲೆ ಹಾಕಿಕೊಂಡು ಬರೆದ ಒಂದೇ ಸುಳ್ಳನ್ನು ನಾನು ಅವರ ಕಾಯಿಲೆ ಮಾಡಿಬಿಟ್ಟೆ.

ನಾಲ್ಕು ದಿನ ಹಾಗೇ ಕಳೆದವು. ಐದನೆಯ ದಿನ ಬೆಳಿಗ್ಗೆ ಚೌಕಟ್ಟುಗಳನ್ನು ಇಳಿಸಿ, ಬೆಡ್‌ಶೀಟಿನಲ್ಲಿ ಸುತ್ತಿ, ತಿರುಪ್ಪೂರಿಗೆ ಹೋದೆ. ಅವಳ ಮನೆಯ ಕೆಳಗೆ ಬನಿಯನ್ ಹೊಲಿಯುವ ಅವಳದೇ ಸಣ್ಣ ಯೂನಿಟ್ ಇದೆ. ಮೆಷಿನ್ನುಗಳ ಸದ್ದು ಮೇಲಿನವರೆಗೂ ಬರುತ್ತಿತ್ತು. ಮೇಜಿನ ಮೇಲೆ ನಾಲ್ಕನ್ನೂ ಇಟ್ಟು ಎಲ್ಲವನ್ನೂ ಹೇಳಿದೆ. ಭಾನುವಾರ, ಬ್ಲೇಡು, ಪ್ಯಾರಿಸ್, ಫೋನಿನಲ್ಲಿ ಅಂದ ಮಾತು, ಸಾವಿನ ದಿನ ಇಲ್ಲದ ಆಪರೇಷನ್.

ಮುಗಿದ ಮೇಲೆ ಅವಳು ಕೇಳಿದಳು. "ಅಪ್ಪನಿಗೆ ಗೊತ್ತಿತ್ತಾ?"

"ಕಟ್ಟು ಬಿಚ್ಚಿದ ದಿನವೇ ನೋಡಿದರು."

"ಹಾಗಾದರೆ ಮೂರು ವರ್ಷ ಸುಮ್ಮನಿದ್ದರು."

"ಹೌದು."

"ನೀವು ಮರೆವು ಅಂದದ್ದಕ್ಕೆ ನಾನು ನಾಲ್ಕು ದಿನ ಅತ್ತಿದ್ದೇನೆ ಅಕ್ಕಾ," ಎಂದಳು. ದನಿ ಏರಿಸಲಿಲ್ಲ. "ಅಪ್ಪನಿಗೆ ಹಾಗಾಗಿದ್ದು ನನಗೆ ತಿಳಿಯಲೇ ಇಲ್ಲವಲ್ಲ, ಇಷ್ಟು ಹತ್ತಿರ ಇದ್ದು ಒಬ್ಬರನ್ನೇ ಬಿಟ್ಟಿದ್ದೆನಲ್ಲ ಅಂತ."

ನಾನು ಒಂದು ಚೌಕಟ್ಟನ್ನು ಅವಳ ಕಡೆ ಸರಿಸಿದೆ.

ಚೌಕಟ್ಟು ತಿರುಗಿಸಿ ನೋಡಿದಳು. ಫ್ರೇಮ್ ಮಾಡಿದವನು ಪುಟಗಳನ್ನು ರಟ್ಟಿಗೆ ಅಂಟಿಸಿಬಿಟ್ಟಿದ್ದ. ಪುಸ್ತಕಕ್ಕೆ ಮತ್ತೆ ಸೇರಿಸಲಾಗುವುದಿಲ್ಲ ಎಂದು ಇಬ್ಬರಿಗೂ ಕಂಡಿತು. "ಹೀಗೇ ಕಳಿಸೋಣ, ಪುಸ್ತಕದ ಜೊತೆ," ಎಂದಳು. ಒಳಗೆ ಹೋಗಿ ಪುಸ್ತಕಗಳ ಪಟ್ಟಿಯಿದ್ದ ರಿಜಿಸ್ಟರ್ ತಂದು, ಕಣ್ಣಿನ ಪುಸ್ತಕದ ಸಾಲಿದ್ದ ಪುಟ ತೆಗೆದು, ನನ್ನ ಮುಂದೆ ಇಟ್ಟು ಪೆನ್ನು ಕೊಟ್ಟಳು.

"ಅಪ್ಪ ಬರೆದದ್ದನ್ನು ಹೊಡೆದು ಹಾಕಿ ನೀವೇ ಬರೆಯಿರಿ. ತಮಿಳಿನಲ್ಲಿ ಬರೆಯಿರಿ, ನಾನು ಓದಬೇಕು."

ಅವರ ಅಕ್ಷರ ಔಷಧಿ ಚೀಟಿ ಬರೆದು ಬರೆದು ದುಂಡಗೆ, ಯಾರಿಗೂ ತಪ್ಪು ತಿಳಿಯದ ಹಾಗೆ ಇತ್ತು. ಅದರ ಮೇಲೆ ಗೆರೆ ಎಳೆಯಲು ನನಗೆ ತುಂಬ ಹೊತ್ತು ಹಿಡಿಯಿತು. ಎಳೆದು, ಕೆಳಗೆ ಬರೆದೆ: ಈ ಪುಸ್ತಕದ ನಾಲ್ಕು ಚಿತ್ರಪುಟಗಳು ಆರ್.ಎಸ್. ಪುರಂನ ಕಣ್ಣಿನ ಕ್ಲಿನಿಕ್ಕಿನಲ್ಲಿ ಕತ್ತರಿಸಲ್ಪಟ್ಟವು.

ಅವಳು ರಿಜಿಸ್ಟರನ್ನು ತನ್ನ ಕಡೆ ತಿರುಗಿಸಿಕೊಂಡು ಓದಿದಳು. ಮತ್ತೆ ನನ್ನ ಕಡೆ ತಿರುಗಿಸಿದಳು.

"ಯಾರು ಕತ್ತರಿಸಿದ್ದು ಅಂತ ಇದರಲ್ಲಿ ಇಲ್ಲ ಅಕ್ಕಾ," ಎಂದಳು.

ನಾನು ಆ ಸಾಲನ್ನೂ ಹೊಡೆದು ಹಾಕಿದೆ. ಕೆಳಗೆ ಇನ್ನೊಂದು ಸಾಲಿಗೆ ಜಾಗವಿತ್ತು. ನನ್ನ ಹೆಸರಿನಿಂದ ಶುರು ಮಾಡಿದೆ.